ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಯಾವ ನೆಂಟರ ಮನೆಗೆ ಹೋದರೂ ಅಂಗಳದಲ್ಲಿ ಹಳೆಯದೊಂದು ಡೀಸೆಲ್ ಕಾರು ಕಾಣುತ್ತದೆ. 2007ರಲ್ಲಿ ಡೀಸೆಲ್ ಸ್ವಿಫ್ಟ್ ಬಂದ ಮೇಲೆ ಮಲೆನಾಡಿನ ಮಧ್ಯಮ ವರ್ಗದವರು ಟರ್ಬೊ ಇಂಜಿನ್ನಿನ ರುಚಿ ಕಂಡರು. ಮಾರುತಿ ಕಂಪನಿ 2020ರ ಏಪ್ರಿಲ್‌ನಲ್ಲಿ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು. ಆದರೆ ಅದಕ್ಕೂ ಮೊದಲು ಕೊಂಡವು ಇನ್ನೂ ಓಡುತ್ತಿವೆ. ಅವುಗಳಲ್ಲಿ ಅನೇಕವು ಹದಿನೈದು ವರ್ಷ ತುಂಬಿ, ನೋಂದಣಿಯ ನವೀಕರಣಕ್ಕೆ ನಿಂತಿವೆ. ಇವುಗಳ ಮಾಲೀಕರ ಸಾಮಾನ್ಯ ದೂರು ಒಂದೇ: "ಗಾಡಿಗೆ ಪಿಕಪ್ ಇಲ್ಲ, ಏರಿನಲ್ಲಿ ಎಳೆಯುವುದಿಲ್ಲ, ಕಾಲು ಒತ್ತಿದರೆ ಒಂದು ಕ್ಷಣ ತಡವರಿಸುತ್ತದೆ." ಇದಕ್ಕೆ ಸಿಗುವ ತೀರ್ಪೂ ಸಾಮಾನ್ಯವಾಗಿ ಒಂದೇ: "ಟರ್ಬೊ ಹೋಗಿದೆ, ಬದಲಾಯಿಸಬೇಕು."

ಪರೀಕ್ಷೆಯಿಲ್ಲದೆ ಬರುವ ಈ ತೀರ್ಪನ್ನು ಒಪ್ಪಬಾರದೆಂಬುದು ನನ್ನ ಅಭಿಪ್ರಾಯ. ಅಂತಹ ತೀರ್ಪು ಹುಟ್ಟುವುದರಲ್ಲಿ ವಾಹನದ ಮಾಲೀಕರ ಪಾಲೂ ಇದೆಯೆಂಬುದನ್ನು ಮುಂದೆ ಹೇಳುತ್ತೇನೆ.

ನಮ್ಮ ಕಡೆಯವರಿಗೆ ಇದು ಸಣ್ಣ ವಿಷಯವಲ್ಲ. ತೀರ್ಥಹಳ್ಳಿಯವರು ಮಣಿಪಾಲದ ಆಸ್ಪತ್ರೆಗೆ ಹೋಗಿ ಬರಬೇಕಾದರೆ ಆಗುಂಬೆ ಘಾಟಿ. ಹೊಸನಗರದವರು ಕುಂದಾಪುರಕ್ಕೆ ಹೋಗಿ ಬರಬೇಕಾದರೆ ಹುಲಿಕಲ್ ಘಾಟಿ. ಸಾಗರದವರಿಗೆ ಹೊನ್ನಾವರದ ದಾರಿಯಲ್ಲಿ ಗೇರುಸೊಪ್ಪೆಯ ಘಾಟಿ. ರಾತ್ರಿಯ ಹೊತ್ತು, ಮಳೆಯಲ್ಲಿ, ಹಿಂದಿನ ಸೀಟಿನಲ್ಲಿ ರೋಗಿಯನ್ನು ಮಲಗಿಸಿಕೊಂಡು ತಿರುವು ಹತ್ತುವಾಗ ಇಂಜಿನ್ ತಡವರಿಸಿದರೆ ಅದರ ಅರ್ಥ ಬೇರೆ. ಇತ್ತ ಹೊಸ ಟರ್ಬೊ ಎಂದರೆ ಕೂಲಿಯೂ ಸೇರಿ ಹತ್ತಾರು ಸಾವಿರ ರೂಪಾಯಿ. ಅಷ್ಟು ಸುರಿದ ಮೇಲೂ ದೋಷ ಹಾಗೆಯೇ ಉಳಿದರೆ, ಸಣ್ಣ ಹಿಡುವಳಿಯ ಅಡಿಕೆ ಬೆಳೆಗಾರ ಕಾರನ್ನೇ ಗುಜರಿಗೆ ಹಾಕುವ ಯೋಚನೆ ಮಾಡುತ್ತಾನೆ.

ತರಗತಿಯಲ್ಲಿ ಹೇಳುತ್ತಿದ್ದ ಹಾಗೆ ಮೊದಲು ಯಂತ್ರದ ತತ್ತ್ವವನ್ನು ನೋಡೋಣ. ಇಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಇಂಟರ್‌ಕೂಲರ್ ಮೂಲಕ ತಣಿಸಿ ಇಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಿದಷ್ಟೂ ಹೆಚ್ಚು ಡೀಸೆಲ್ ಚೆನ್ನಾಗಿ ಉರಿಯುತ್ತದೆ, ಬಲ ಹೆಚ್ಚುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಚಿ ಎಂಬ ಇಂಜಿನಿಯರ್ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಆ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ಸುತ್ತುತ್ತದೆ. ಕಾರಿನ ಡೀಸೆಲ್ ಇಂಜಿನ್ನಿನಲ್ಲಿ ಅದು ತುಂಬುವ ಹೆಚ್ಚುವರಿ ಒತ್ತಡ ಸುಮಾರು ಒಂದು ಬಾರ್. ಅಂದರೆ ನಮ್ಮ ಸುತ್ತಲಿನ ವಾತಾವರಣದ ಒತ್ತಡದಷ್ಟೇ ಇನ್ನೊಂದು ಪಾಲು.

ಆ ಒತ್ತಡ ಕಡಿಮೆಯಾಗಲು ಟರ್ಬೊ ಒಂದೇ ಕಾರಣವಾಗಬೇಕಿಲ್ಲ. ಒಳಗೆ ಬರುವ ಗಾಳಿ ಕಟ್ಟಿಕೊಂಡಿರಬಹುದು. ಒತ್ತಿದ ಗಾಳಿ ದಾರಿಯಲ್ಲಿ ಸೋರಬಹುದು. ಟರ್ಬೊವನ್ನು ನಿಯಂತ್ರಿಸುವ ಭಾಗ ಕೆಲಸ ಮಾಡದಿರಬಹುದು. ಹೊಗೆ ಟರ್ಬೊ ತಲುಪುವ ಮೊದಲೇ ಸೋರಬಹುದು. ಗಾಳಿ ಸರಿಯಾಗಿದ್ದು ಡೀಸೆಲ್ ಸಾಲದೆ ಹೋದರೂ ಗಾಡಿ ಹೀಗೆಯೇ ಮುಗ್ಗರಿಸುತ್ತದೆ. "ಮಲೆನಾಡು ಎತ್ತರದ ಜಾಗ, ಗಾಳಿ ತೆಳು" ಎಂಬ ಸಮಾಧಾನವನ್ನೂ ಕೇಳಿದ್ದೇನೆ. ಸಮುದ್ರಮಟ್ಟದಿಂದ ಆರುನೂರು ಮೀಟರಿನಲ್ಲಿ ಗಾಳಿಯ ಒತ್ತಡ ನೂರಕ್ಕೆ ಸುಮಾರು ಏಳರಷ್ಟು ಮಾತ್ರ ಇಳಿಯುತ್ತದೆ. ಅದನ್ನು ಸರಿದೂಗಿಸುವುದೇ ಟರ್ಬೊದ ಒಂದು ಗುಣ.

ನನ್ನ ಅಕ್ಕನ ಮಗನ ಕಾರಿಗೂ ಇದೇ ಕಾಯಿಲೆ ಬಂದಿತ್ತು. ಗ್ಯಾರೇಜೊಂದರಲ್ಲಿ ಸ್ಕ್ಯಾನರ್ ಹಾಕಿ, ಪಿ 0299 ಎಂಬ ಸಂಖ್ಯೆ ತೋರಿಸಿ, ಟರ್ಬೊ ಬದಲಿಸಲು ನಲವತ್ತೈದು ಸಾವಿರ ಹೇಳಿದರು. ಆ ಸಂಖ್ಯೆಯ ಅರ್ಥ "ಇರಬೇಕಾದಷ್ಟು ಒತ್ತಡ ಇಲ್ಲ" ಎಂದಷ್ಟೇ. ಅದು ಜ್ವರಮಾಪಕದ ಮಾತು. ಜ್ವರ ಎಷ್ಟಿದೆ ಎಂದೀತು, ಏಕೆ ಬಂತೆಂದು ಹೇಳದು. ಹುಡುಗ ಒಪ್ಪದೆ ತೀರ್ಥಹಳ್ಳಿಯ ಕಡೆಯ ಪರಿಚಯದ ಮೆಕ್ಯಾನಿಕ್ ಒಬ್ಬರಲ್ಲಿಗೆ ಒಯ್ದ. ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸಿನಲ್ಲಿ, ಕ್ಲಾಂಪಿನ ಪಕ್ಕದಲ್ಲೇ, ಬೆರಳುದ್ದದ ಬಿರುಕು ಸಿಕ್ಕಿತು. ನಿಂತ ಗಾಡಿಯಲ್ಲಿ ಅದು ಕಾಣುವುದೇ ಇಲ್ಲ. ಏರಿನಲ್ಲಿ ಒತ್ತಡ ಬಂದಾಗ ಮಾತ್ರ ಬಾಯಿ ತೆರೆಯುತ್ತದೆ. ಸುತ್ತ ಎಣ್ಣೆಯ ಪಸೆ ಇದ್ದುದರಿಂದ ಅವರಿಗೆ ಸುಳಿವು ದೊರೆಯಿತು. ಎರಡು ಸಾವಿರದೊಳಗೆ ಕೆಲಸ ಮುಗಿಯಿತು.

ಆದ್ದರಿಂದ ಪರೀಕ್ಷೆಗೆ ಒಂದು ಕ್ರಮವಿರಬೇಕು. ಅಗ್ಗದ್ದು ಮೊದಲು, ದುಬಾರಿಯದು ಕೊನೆಗೆ. ಮೊದಲು ಏರ್ ಫಿಲ್ಟರ್ ತೆಗೆದು ನೋಡಬೇಕು. ಬೇಸಿಗೆಯ ಕೆಮ್ಮಣ್ಣು ಅಲ್ಲಿ ತುಂಬಿರುತ್ತದೆ. ಕೊಟ್ಟಿಗೆಯ ಪಕ್ಕ ನಿಲ್ಲುವ ಕಾರಿನಲ್ಲಿ ಇಲಿಯ ಗೂಡೂ ಇದ್ದೀತು. ಎರಡನೆಯದು ಹೋಸುಗಳು. ಗಾಳಿಯ ದಾರಿಯನ್ನು ಮುಚ್ಚಿ, ಹದವಾದ ಒತ್ತಡದಲ್ಲಿ ಗಾಳಿ ಬಿಟ್ಟು, ಸೋಪಿನ ನೀರು ಹಚ್ಚಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ. ಮೂರನೆಯದು ನಿಯಂತ್ರಣದ ವ್ಯಾಕ್ಯೂಮ್ ಪೈಪುಗಳು. ಎಲ್ಲ ಟರ್ಬೊಗಳೂ ಒಂದೇ ಬಗೆಯವಲ್ಲ, 1.3 ಲೀಟರ್ ಇಂಜಿನ್ ಒಂದೇ ಆದರೂ ಹಳೆಯ ಸ್ವಿಫ್ಟಿನದು ಸ್ಥಿರ ಬಗೆಯದು, 2012ರ ಎರ್ಟಿಗಾದ್ದು ಒಳಗಿನ ರೆಕ್ಕೆಗಳ ಕೋನ ಬದಲಾಗುವಂಥದ್ದು. ರೆಕ್ಕೆ ತಿರುಗುವ ಬಗೆಯಲ್ಲಿ ವ್ಯಾಕ್ಯೂಮ್ ಪೈಪು ಬಿರಿದರೆ ಟರ್ಬೊ ಚೆನ್ನಾಗಿದ್ದರೂ ಒತ್ತಡ ಏಳುವುದಿಲ್ಲ. ಮಸಿ ಕಟ್ಟಿ ರೆಕ್ಕೆಗಳು ಸಿಕ್ಕಿಕೊಳ್ಳುವುದೂ ಉಂಟು.

ನಾಲ್ಕನೆಯದು, ಹೊಗೆಯನ್ನು ಮತ್ತೆ ಇಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್. ಅದು ಮಸಿಯಿಂದ ತೆರೆದೇ ನಿಂತರೆ ಕಪ್ಪು ಹೊಗೆ, ತಡವರಿಕೆ ಎರಡೂ ಬರುತ್ತವೆ. ಐದನೆಯದು ಗಾಳಿಯ ಪ್ರಮಾಣವನ್ನೂ ಒತ್ತಡವನ್ನೂ ಅಳೆಯುವ ಸೆನ್ಸರ್‌ಗಳು. ಆರನೆಯದು ಡೀಸೆಲ್ ಫಿಲ್ಟರ್. ಮಳೆಗಾಲದಲ್ಲಿ ಅದರಲ್ಲಿ ನೀರು ಸೇರಿದೆಯೇ ಎಂದು ನೋಡಲೇಬೇಕು. ಇಷ್ಟಾದ ಮೇಲೆ ಏರಿನಲ್ಲಿ ಓಡಿಸಿ, ಕಂಪ್ಯೂಟರ್ ಬೇಡುವ ಒತ್ತಡವೆಷ್ಟು, ದೊರೆಯುವುದೆಷ್ಟು ಎಂದು ಸ್ಕ್ಯಾನರಿನಲ್ಲಿ ಹೋಲಿಸಬೇಕು. ನಿಲ್ಲಿಸಿ ಗುರ್ ಎನಿಸಿದರೆ ಏನೂ ತಿಳಿಯದು. ಭಾರವಿಲ್ಲದೆ ಟರ್ಬೊ ಪೂರ್ಣ ಒತ್ತಡ ಕಟ್ಟುವುದಿಲ್ಲ.

ಟರ್ಬೊ ಎಂದೂ ಕೆಡುವುದಿಲ್ಲವೆಂದು ನಾನು ಹೇಳುತ್ತಿಲ್ಲ. ನೀಲಿ ಹೊಗೆ, ಎಣ್ಣೆಯ ಖರ್ಚು, ದಂಡದಲ್ಲಿ ಅತಿಯಾದ ಅಲುಗಾಟ, ಚಕ್ರ ಗೂಡಿಗೆ ಉಜ್ಜಿದ ಗುರುತು, ಇವು ಕಂಡರೆ ಬದಲಿಸಲೇಬೇಕು. ಆಗಲೂ ಅದು ಏಕೆ ಕೆಟ್ಟಿತೆಂದು ಕೇಳಬೇಕು. ಆಯಿಲ್ ಬದಲಿಸುವುದನ್ನು ವರ್ಷಗಟ್ಟಲೆ ಮುಂದೂಡಿ, ಆಯಿಲ್ ಬರುವ ಪೈಪು ಕಟ್ಟಿಕೊಂಡಿದ್ದರೆ, ಹೊಸ ಟರ್ಬೊ ಕೂಡ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಇನ್ನು ಮಾಲೀಕರ ಪಾಲಿನ ವಿಷಯ. ಹೋಸ್ ಹುಡುಕಿದ ಆ ಮೆಕ್ಯಾನಿಕ್ ನನಗೆ ಹೇಳಿದರು: "ಮೇಷ್ಟ್ರೇ, ಅರ್ಧ ದಿನ ಹುಡುಕಿದ್ದಕ್ಕೆ ಐನೂರು ಕೇಳಿದರೆ ಜನ ಜಗಳಕ್ಕೆ ಬರ್ತಾರೆ. ಸಾಮಾನು ಹಾಕಿ ಬಿಲ್ಲು ಕೊಟ್ಟರೆ ಮಾತಾಡದೆ ಕೊಡ್ತಾರೆ." ವೈದ್ಯರಿಗೆ ನೋಡಿದ್ದಕ್ಕೆಂದೇ ಶುಲ್ಕ ಕೊಡುವ ನಾವು, ಮೆಕ್ಯಾನಿಕ್ಕಿಗೆ ಮಾತ್ರ ಹೊಸ ಬಿಡಿಭಾಗ ಕಣ್ಣಿಗೆ ಕಂಡರಷ್ಟೇ ಹಣ ಕೊಡುತ್ತೇವೆ. ಹುಡುಕುವ ಕೆಲಸಕ್ಕೆ ಬೆಲೆಯಿಲ್ಲದ ಊರಿನಲ್ಲಿ ಹುಡುಕುವವನು ಉಳಿಯುವುದಿಲ್ಲ, ಬದಲಿಸುವವನು ಉಳಿಯುತ್ತಾನೆ. ಎತ್ತಿಗೆ ಬಂದ ಜ್ವರಕ್ಕೆ ಎಮ್ಮೆ ಬರೆ ತಿನ್ನುತ್ತದೆ, ಬರೆಯ ಖರ್ಚು ಯಜಮಾನನದು. ಸಣ್ಣ ಗ್ಯಾರೇಜಿನವರಿಗೆ ಅಷ್ಟು ಪುರುಸೊತ್ತಿಲ್ಲವೆಂದು ಕೆಲವರು ಹೇಳಬಹುದು. ಪುರುಸೊತ್ತಿಗೆ ಕೂಲಿ ಸಿಕ್ಕಿದರೆ ಪುರುಸೊತ್ತೂ ಸಿಗುತ್ತದೆ.

ಆದ್ದರಿಂದ ಹಳೆಯ ಕಾರು ಇಟ್ಟುಕೊಂಡಿರುವ ನನ್ನ ವಿದ್ಯಾರ್ಥಿಗಳಲ್ಲಿ, ಬಂಧುಗಳಲ್ಲಿ ಎರಡು ಕೋರಿಕೆ. ಟರ್ಬೊ ಬದಲಿಸಲು ಒಪ್ಪುವ ಮೊದಲು, ಏನೇನು ಪರೀಕ್ಷಿಸಿದರು, ಅಳತೆ ಎಷ್ಟು ಬಂತು ಎಂಬುದನ್ನು ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಪರೀಕ್ಷೆಯ ಕೂಲಿಯನ್ನು ಗಾಡಿ ಒಪ್ಪಿಸುವಾಗಲೇ ಮಾತಾಡಿ. ದೋಷ ಒಂದು ಕ್ಲಾಂಪಿನಲ್ಲಿ ಸಿಕ್ಕರೂ ಸಂತೋಷದಿಂದ ಕೊಡಿ. ನಿಮ್ಮಲ್ಲಿ ಗ್ಯಾರೇಜು ನಡೆಸುವವರೂ ಇದ್ದೀರಿ. ಪರೀಕ್ಷೆಯ ಶುಲ್ಕವನ್ನು ಬೋರ್ಡಿನಲ್ಲಿ ಬರೆದು ಹಾಕಲು ಸಂಕೋಚಪಡಬೇಡಿ. ಅದು ನಿಮ್ಮ ವಿದ್ಯೆಯ ಬೆಲೆ.