ಊದುಬತ್ತಿಯ ಪಾಠಕ್ಕೊಂದು ತಿದ್ದುಪಡಿ

ಹಳೆಯ ವಿದ್ಯಾರ್ಥಿಗಳು ಮದುವೆಮನೆಯಲ್ಲಿ ಸಿಕ್ಕರೂ ಬಸ್ ನಿಲ್ದಾಣದಲ್ಲಿ ಸಿಕ್ಕರೂ ನೆನಪಿಸಿಕೊಳ್ಳುವ ಪಾಠವೊಂದಿದೆ. ಮೇಜಿನ ಮೇಲೆ ಊದುಬತ್ತಿ ಹಚ್ಚಿಟ್ಟು, ಪರಿಮಳ ಬಂದವರು ಕೈಯೆತ್ತಿರೆಂದು ಹೇಳುತ್ತಿದ್ದೆ. ಒಂದೆರಡು ನಿಮಿಷಗಳಲ್ಲಿ ಕೊನೆಯ ಬೆಂಚಿನ ಕೈಗಳೂ ಮೇಲೇಳುತ್ತಿದ್ದವು. “ಇದೇ ವಿಸರಣೆ. ಅಣುಗಳು ಸಾರತೆ ಹೆಚ್ಚಿರುವಲ್ಲಿಂದ ಕಡಿಮೆ ಇರುವಲ್ಲಿಗೆ ತಾವಾಗಿಯೇ ಹರಡುತ್ತವೆ. ಶ್ವಾಸಕೋಶದಲ್ಲಿಯೂ ಎಲೆಯಲ್ಲಿಯೂ ಅನಿಲ ವಿನಿಮಯ ನಡೆಯುವುದು ಹೀಗೆಯೇ” ಎಂದು ಬರೆಸುತ್ತಿದ್ದೆ.

2021ರ ಮೇ ತಿಂಗಳಿನಲ್ಲಿ ಅಂಥ ಒಬ್ಬ ವಿದ್ಯಾರ್ಥಿ ಆಸ್ಪತ್ರೆಯ ಹೊರಗಿನಿಂದ ದೂರವಾಣಿ ಮಾಡಿದ. ಅವನ ತಂದೆಗೆ ಕೋವಿಡ್. “ಸಾರ್, ಆಮ್ಲಜನಕ ಹಾಕಿದ್ದಾರೆ, ಆದರೂ ರಕ್ತಕ್ಕೆ ಏರುತ್ತಿಲ್ಲವಂತೆ. ಊದುಬತ್ತಿಯ ಹಾಗೆ ತಾನಾಗಿಯೇ ಹೋಗಬೇಕಲ್ಲವೇ?” ಎಂದು ಕೇಳಿದ. ತಂದೆ ಗುಣಮುಖರಾಗಿ ಮನೆಗೆ ಬಂದರು. ಆ ಪ್ರಶ್ನೆ ಮಾತ್ರ ನನ್ನಲ್ಲಿಯೇ ಉಳಿಯಿತು.

ನಾನು ಬರೆಸಿದ ವ್ಯಾಖ್ಯೆ ಸರಿಯಾಗಿತ್ತು, ಉದಾಹರಣೆ ತಪ್ಪಾಗಿತ್ತು. ಪರಿಮಳವನ್ನು ಕೊನೆಯ ಬೆಂಚಿಗೆ ಒಯ್ದದ್ದು ಕಿಟಕಿಯ ಗಾಳಿ, ಬತ್ತಿಯ ಶಾಖಕ್ಕೆ ಮೇಲೇರುವ ಬಿಸಿಗಾಳಿ, ಮತ್ತು ನಿಮ್ಮೆಲ್ಲರ ಅಲುಗಾಟ. ಗಾಳಿ ಕಿಂಚಿತ್ತೂ ಕದಲದ ಕೋಣೆಯಲ್ಲಿ ವಿಸರಣೆಯೊಂದನ್ನೇ ನೆಚ್ಚಿದ್ದರೆ ದಿನಗಳೇ ಹಿಡಿಯುತ್ತಿದ್ದವು.

ವಿಸರಣೆಯಲ್ಲಿ ದೂರ ಇಮ್ಮಡಿಯಾದರೆ ಕಾಲ ನಾಲ್ಮಡಿಯಾಗುತ್ತದೆ. ನಿಶ್ಚಲವಾದ ನೀರಿನಲ್ಲಿ ಆಮ್ಲಜನಕದ ಅಣುವೊಂದು ಮಿಲಿಮೀಟರಿನ ಸಾವಿರದ ಒಂದು ಭಾಗ ಸಾಗಲು ಸೆಕೆಂಡಿನ ಸಾವಿರದ ಒಂದು ಭಾಗವೂ ಬೇಡ. ಒಂದು ಮಿಲಿಮೀಟರಿಗೆ ಸುಮಾರು 4 ನಿಮಿಷ, ಒಂದು ಸೆಂಟಿಮೀಟರಿಗೆ 7 ಗಂಟೆ, ಒಂದು ಮೀಟರಿಗೆ ಸುಮಾರು 8 ವರ್ಷ! ಮೂಗಿನಿಂದ ಕಾಲ್ಬೆರಳಿಗೆ ಆಮ್ಲಜನಕ ಹೀಗೆ ಹೋಗಬೇಕಾಗಿದ್ದರೆ ನಾವು ಯಾರೂ ಇರುತ್ತಿರಲಿಲ್ಲ. ಆದ್ದರಿಂದಲೇ ದೂರದ ಸಾಗಾಟವನ್ನು ಉಸಿರಾಟವೂ ಹೃದಯವೂ ವಹಿಸಿಕೊಂಡಿವೆ. ಗಾಳಿಗೂಡಿನ ಗೋಡೆಯನ್ನು ದಾಟುವ ಕೊನೆಯ ಹೆಜ್ಜೆಯಷ್ಟೇ ವಿಸರಣೆಯದು. ಆ ಗೋಡೆಯ ದಪ್ಪ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ. ಎಲ್ಲ ಗೂಡುಗಳನ್ನೂ ಬಿಡಿಸಿ ಹಾಸಿದರೆ ವಿಸ್ತಾರ ಸುಮಾರು 70 ಚದರ ಮೀಟರ್. ರೋಗದಿಂದ ಗೂಡುಗಳಲ್ಲಿ ದ್ರವ ತುಂಬಿದಾಗ ಗಾಳಿ ರಕ್ತದ ಹತ್ತಿರಕ್ಕೇ ಬರಲಾರದು. ಮುಖವಾಡದ ಆಮ್ಲಜನಕವು ಸಾರತೆಯ ಅಂತರವನ್ನು ಹೆಚ್ಚಿಸುತ್ತದೆ ನಿಜ, ದೂರವನ್ನು ಕಡಿಮೆ ಮಾಡಲಾರದು. ಆ ಹುಡುಗನಿಗೆ ಹೇಳಬೇಕಾಗಿದ್ದ ಉತ್ತರ ಇದು.

ಡೆನ್ಮಾರ್ಕಿನ ಕ್ರಿಶ್ಚಿಯನ್ ಬೋರ್ (ಪರಮಾಣು ಪಾಠದ ನೀಲ್ಸ್ ಬೋರರ ತಂದೆ) ಶ್ವಾಸಕೋಶವು ಗ್ರಂಥಿಯಂತೆ ಆಮ್ಲಜನಕವನ್ನು ತಾನೇ ರಕ್ತಕ್ಕೆ ಸ್ರವಿಸುತ್ತದೆಂದು ವಾದಿಸಿದ್ದರು. ಅವರ ಶಿಷ್ಯ ಆಗಸ್ಟ್ ಕ್ರೋಗ್ ತಮ್ಮ ಪತ್ನಿ ಮರೀ ಅವರೊಡನೆ ಅಳತೆ ಮಾಡಿ, ವಿಸರಣೆಯೊಂದೇ ಸಾಕೆಂದು 1910ರಲ್ಲಿ ತೋರಿಸಿದರು. ಶಿಷ್ಯರು ಗುರುವನ್ನು ತಿದ್ದುವುದು ಹೊಸತೇನಲ್ಲ.

ಗಿಡಕ್ಕೆ ಹೃದಯವಿಲ್ಲ, ಎದೆಯ ಏರಿಳಿತವೂ ಇಲ್ಲ. ಅದು ನೆಚ್ಚಿರುವುದು ಗಾಳಿಯ ಸಂದುಗಳನ್ನು. ಅನಿಲದ ವಿಸರಣೆ ನೀರಿನಲ್ಲಿರುವುದಕ್ಕಿಂತ ಗಾಳಿಯಲ್ಲಿ ಸುಮಾರು 10,000 ಪಟ್ಟು ಚುರುಕು. ಎಲೆ ತೆಳ್ಳಗಿರುವುದೂ, ಪತ್ರರಂಧ್ರದ ಒಳಗೆ ಪೊಳ್ಳುಗಳಿರುವುದೂ ಅದಕ್ಕಾಗಿಯೇ. ಮಲೆನಾಡಿನ ಅಡಿಕೆ ತೋಟದಲ್ಲಿ ಮಳೆಗಾಲಕ್ಕೆ ಮುಂಚೆ ಬಸಿಗಾಲುವೆ ಬಿಡಿಸುವ ಕೃಷಿಕರಿಗೆ ಇದು ಅನುಭವದಿಂದ ಗೊತ್ತು. ಮಣ್ಣಿನ ಸಂದುಗಳಲ್ಲಿ ನೀರು ನಿಂತರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಪಕ್ಕದ ಗದ್ದೆಯಲ್ಲಿ ಭತ್ತ ಅದೇ ನೀರಿನಲ್ಲಿ ಸುಖವಾಗಿ ನಿಂತಿರುತ್ತದೆ, ಏಕೆಂದರೆ ಅದರ ಎಲೆಯಿಂದ ಬೇರಿನವರೆಗೂ ಗಾಳಿಯ ದಾರಿಗಳಿವೆ.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟೆ: ಈ ಪಾಠ ವ್ಯಾಖ್ಯೆಯಿಂದ ಆರಂಭವಾಗಬಾರದು, ದೂರದಿಂದ ಆರಂಭವಾಗಬೇಕು. ಊದುಬತ್ತಿ ದೇವರ ಮುಂದೆಯೇ ಇರಲಿ. ನಿಮ್ಮಲ್ಲಿ ಈಗ ಅಧ್ಯಾಪಕರಾಗಿರುವವರು ಅಂಗಡಿಯಲ್ಲಿ ಚೈನಾ ಗ್ರಾಸ್ ಎಂದು ಮಾರುವುದನ್ನು ಕುದಿಸಿ, ಗಟ್ಟಿಯಾದ ಮೇಲೆ ಒಂದು ದೊಡ್ಡ, ಒಂದು ಚಿಕ್ಕ ಘನಾಕೃತಿ ಕತ್ತರಿಸಿ, ಬಣ್ಣದ ನೀರಿನಲ್ಲಿ ಒಂದು ಗಂಟೆ ಮುಳುಗಿಸಿಡಿ. ಆಮೇಲೆ ಎರಡನ್ನೂ ಕೊಯ್ದು, ಬಣ್ಣ ಎಷ್ಟು ಒಳಗೆ ಹೋಗಿದೆಯೆಂದು ಮಕ್ಕಳಿಂದಲೇ ಅಳೆಸಿ. ದೊಡ್ಡದರ ನಡುಭಾಗ ಬೆಳ್ಳಗೆಯೇ ಉಳಿದಿರುತ್ತದೆ.