ಈ ಕೊರಳು ಯಾರ ಆಸ್ತಿ?

ಹಾಸನದಿಂದ ಬೇಲೂರಿಗೆ ಹೋಗುವ ಬಸ್ಸು ಹಗರೆಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಒಂದು ದಾರಿ ಹಳೇಬೀಡಿಗೆ ಒಡೆಯುತ್ತದೆ. ಕಲ್ಲಿನ ಮದನಿಕೆಯರನ್ನು ನೋಡಲು ದೇಶವಿದೇಶದ ಜನ ಈ ದಾರಿಯಲ್ಲೇ ಹೋಗುತ್ತಾರೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದವು. ಸಂತೋಷ. ಕಲ್ಲಿನ ಹುಡುಗಿ ನೂರಾರು ವರ್ಷದಿಂದ ಒಂದೇ ಭಂಗಿಯಲ್ಲಿ ನಿಂತಿದ್ದಾಳೆ. ಅವಳಿಗೆ ವಯಸ್ಸಾಗುವುದಿಲ್ಲ, ಹಸಿವಾಗುವುದಿಲ್ಲ, ಕೂಲಿ ಕೇಳುವುದಿಲ್ಲ. ಟೀವಿಯವರಿಗೆ ಬೇಕಾಗಿರುವುದೂ ಅಂಥ ಹುಡುಗಿಯೇ. ನಾವು ಇಲ್ಲಿ ಬರೆಯಹೊರಟಿರುವುದು ಉಸಿರಾಡುವ, ಹಸಿಯುವ, ಬೆಳೆಯುವ ಹುಡುಗಿಯ ವಿಷಯ.

ಅವಳು ನಮ್ಮ ಕೇರಿಯವಳು. ಹೆಸರು ಬರೆಯುವುದಿಲ್ಲ. ಅವಳ ಹೆಸರನ್ನು ಈಗಾಗಲೇ ಒಂದು ಸಲ ಮಾರಿಕೊಂಡಿದ್ದಾರೆ; ಎರಡನೇ ಸಲ ನಾವು ಮಾರುವುದು ಬೇಡ. ಅವಳವ್ವ ಆಲೂಗಡ್ಡೆ ಕಾಲಕ್ಕೆ ಆಲೂಗಡ್ಡೆ ಹೊಲಕ್ಕೆ, ಶುಂಠಿ ಕಾಲಕ್ಕೆ ಶುಂಠಿ ಹೊಲಕ್ಕೆ ಕೂಲಿ ಹೋಗುವವಳು. ಅಪ್ಪ ತಮಟೆ ಬಡಿಯುತ್ತಿದ್ದ. ಹುಡುಗಿ ಐದನೇ ಕ್ಲಾಸಿನಲ್ಲಿ ಪ್ರತಿಭಾ ಕಾರಂಜಿಯಲ್ಲಿ ಹಾಡಿ ಗೆದ್ದಳು. ಮೇಷ್ಟ್ರು ಒಳ್ಳೆಯವರು. ತಮ್ಮ ಕೈಯಿಂದಲೇ ಬಸ್ ಚಾರ್ಜು ಕೊಟ್ಟು ಆಡಿಷನ್ನಿಗೆ ಕರಕೊಂಡು ಹೋದರು. ಹುಡುಗಿ ಆಯ್ಕೆಯಾದಳು. ಅವತ್ತು ಕೇರಿಗೆ ಕೇರಿಯೇ ಕುಣಿಯಿತು. ಕುಣಿದವರಲ್ಲಿ ನಾವೂ ಇದ್ದೆವು.

ಆಮೇಲೆ ಬಂದದ್ದು ಕ್ಯಾಮೆರಾ. ಸಾಲ ಮಾಡಿ ಕಟ್ಟಿದ ಶೀಟಿನ ಕೋಣೆಯನ್ನು ಬಿಟ್ಟು, ಮಳೆಗೆ ಕುಸಿದ ಹಿತ್ತಲ ಗೋಡೆಯ ಮುಂದೆ ಅವ್ವನನ್ನು ಕೂರಿಸಿದರು. ಕಷ್ಟ ಹೇಳಮ್ಮ ಅಂದರು. ಹೇಳಿದಳು, ಅತ್ತಳು. "ಇನ್ನೊಂದ್ಸಲ ಅಳಿ ಅಮ್ಮಾ, ಬೆಳಕು ಸರಿಯಾಗಿ ಬೀಳಲಿಲ್ಲ" ಅಂದರು. ಮತ್ತೆ ಅತ್ತಳು. ಮೊದಲ ಸಲದ ಅಳು ಅವಳದು. ಎರಡನೇ ಸಲದ್ದು ಅವರದು.

ಹುಡುಗಿ ಹಾಡಿದ್ದು ಎರಡು ಹಾಡು. ತೋರಿಸಿದ್ದು ಒಂದು. ಅವ್ವ ಅತ್ತದ್ದನ್ನು ಮಾತ್ರ ವಾರವೆಲ್ಲಾ ಸೋಪು, ಎಣ್ಣೆ, ಮಸಾಲೆಪುಡಿಗಳ ನಡುನಡುವೆ ತೋರಿಸಿದರು. ಮೂರನೇ ವಾರಕ್ಕೆ ಹುಡುಗಿ ಹೊರಗೆ. ಕೈಗೆ ಒಂದು ಸರ್ಟಿಫಿಕೇಟು, ಒಂದು ಗೊಂಬೆ. ಇವತ್ತು ಅವಳಿಗೆ ಹತ್ತೊಂಬತ್ತು. ಬೆಳಗಿನ ಬಸ್ಸು ಹತ್ತಿ ಹಾಸನದ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಬಸ್ಸಿನಲ್ಲಿ ಯಾರಾದರೂ ಗುರುತು ಹಿಡಿದು, "ನೀನು ಟೀವೀಲಿ ಬಂದಿದ್ದೆ ಅಲ್ವೇನವ್ವಾ? ನಿಮ್ಮವ್ವ ಅಳ್ತಿದ್ದುದ್ದ ನೋಡಿ ನಾನೂ ಅತ್ಬುಟ್ಟೆ ಕಣವ್ವ" ಅನ್ನುತ್ತಾರೆ. ಅವಳು ಹಾಡಿದ ಹಾಡು ಯಾವುದು ಅಂತ ಒಬ್ಬರಿಗೂ ನೆನಪಿಲ್ಲ.

ಇದು ಒಬ್ಬ ಹುಡುಗಿಯ ದುರದೃಷ್ಟ ಅನ್ನುವವರಿದ್ದಾರೆ. ಹಾಗಿದ್ದರೆ ಅದೃಷ್ಟದ ಕಥೆಯನ್ನೂ ನೋಡೋಣ. 2012ರ ಕೊನೆಯಲ್ಲಿ ಈಟಿವಿ ಕನ್ನಡದಲ್ಲಿ 'ಪುಟ್ಟಗೌರಿ ಮದುವೆ' ಶುರುವಾಯಿತು. ಹಿಂದಿಯ 'ಬಾಲಿಕಾ ವಧು' ಧಾರಾವಾಹಿಯ ಕನ್ನಡ ರೂಪ. ಬಾಲ್ಯವಿವಾಹಕ್ಕೆ ಸಿಕ್ಕಿದ ಹುಡುಗಿಯ ಕಥೆ. ಪುಟ್ಟಗೌರಿಯಾಗಿ ಸಾನ್ಯಾ ಅಯ್ಯರ್ ಎಂಬ ಬಾಲಕಿ ಮನೆಮನೆಗೆ ಬಂದಳು. ನಮ್ಮ ಕೇರಿಯ ಹೆಂಗಸರೂ ಮುದ್ದೆ ಕೋಲು ಕೈಯಲ್ಲೇ ಹಿಡಿದುಕೊಂಡು ನೋಡಿದರು. ಕಥೆಯಲ್ಲಿ ಗೌರಿ ಬೆಳೆದಳು. ಬೆಳೆದ ಗೌರಿಯ ಪಾತ್ರ ರಂಜನಿ ರಾಘವನ್ ಅವರಿಗೆ ಹೋಯಿತು. 2015ರಲ್ಲಿ ಚಾನೆಲ್ಲೇ ಹೆಸರು ಬದಲಿಸಿ ಕಲರ್ಸ್ ಕನ್ನಡ ಆಯಿತು. ಬಾಲನಟಿಯಾಗಿದ್ದವರು ಮತ್ತೆ ಜನರ ಮುಂದೆ ದೊಡ್ಡದಾಗಿ ಕಾಣಿಸಿಕೊಂಡದ್ದು 2022ರಲ್ಲಿ, ಬಿಗ್ ಬಾಸ್ ಮನೆಯೊಳಗೆ. 2024ರಲ್ಲಿ ಸಿನಿಮಾ ನಾಯಕಿಯಾದರು. ಆ ಸಿನಿಮಾದ ಹೆಸರೂ 'ಗೌರಿ'ಯೇ.

ಆ ಹೆಣ್ಣುಮಗಳ ಮೇಲೆ ನಮಗೆ ಮುನಿಸಿಲ್ಲ. ದುಡಿದಿದ್ದಾರೆ, ತಡೆದುಕೊಂಡಿದ್ದಾರೆ, ಬೆಳೆದಿದ್ದಾರೆ. ನಮ್ಮ ಪ್ರಶ್ನೆ ಬೇರೆ. ಗೆದ್ದವರಿಗೂ ಬಾಲನಟಿಯ ಪಟ್ಟಕ್ಕೂ ನಾಯಕಿಯ ಪಟ್ಟಕ್ಕೂ ನಡುವೆ ಹತ್ತು ವರ್ಷದ ದಾರಿ ಇದೆ. ಈ ಹತ್ತು ವರ್ಷ ಕಾಯುವ ಶಕ್ತಿ ಯಾರ ಮನೆಯ ಮಕ್ಕಳಿಗಿದೆ? ಬೆಂಗಳೂರಿನಲ್ಲಿ ಒಂದು ಮನೆ ಬೇಕು. ಸ್ಟುಡಿಯೋ ಬಾಗಿಲಲ್ಲಿ ದಿನವೆಲ್ಲಾ ಕೂರಲು ಕೂಲಿ ತಪ್ಪಿದರೂ ಉಪವಾಸ ಬೀಳದ ತಾಯಿ ಬೇಕು. ಸಂಗೀತಕ್ಕೆ, ಕುಣಿತಕ್ಕೆ ಫೀಸು ಬೇಕು. ಇಷ್ಟೆಲ್ಲ ಇದ್ದವರಿಗೆ ಬಾಲ್ಯದ ಟೀವಿ ಒಂದು ಮೆಟ್ಟಿಲು. ಇಲ್ಲದವರಿಗೆ ಅದು ಮೂರು ವಾರದ ಜಾತ್ರೆ. ಜಾತ್ರೆ ಮುಗಿದ ಮೇಲೆ ಎಲೆ ಬಳಿಯುವ ಕೆಲಸ ನಮಗೆ ಗೊತ್ತಿದ್ದದ್ದೇ.

ಈಗ ಕಾನೂನಿನ ಮಾತಿಗೆ ಬರೋಣ. ನಮ್ಮಲ್ಲಿ ಕಾನೂನು ಓದಿದವರು ಕಡಿಮೆ, ಅದಕ್ಕೇ ಬಿಡಿಸಿ ಬರೆಯುತ್ತೇವೆ. ಬಾಲಕಾರ್ಮಿಕ ಕಾಯ್ದೆ ಬಂದದ್ದು 1986ರಲ್ಲಿ. 2016ರ ತಿದ್ದುಪಡಿ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಹಚ್ಚಬಾರದು ಎಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಅದೇ ತಿದ್ದುಪಡಿ ಎರಡು ಬಾಗಿಲುಗಳನ್ನು ತೆರೆದೇ ಇಟ್ಟಿತು. ಒಂದು: ಸ್ಕೂಲು ಬಿಟ್ಟ ಮೇಲೆ, ರಜೆಯಲ್ಲಿ, ಮಗು ತನ್ನ ಮನೆಯವರಿಗೆ, ಮನೆಯ ಕಸುಬಿಗೆ ಕೈಜೋಡಿಸಬಹುದು; ಅಪಾಯದ ಕೆಲಸ ಮಾತ್ರ ಕೂಡದು. ಎರಡು: ಮಗು ಸಿನಿಮಾ, ಧಾರಾವಾಹಿ, ಜಾಹೀರಾತುಗಳಲ್ಲಿ ಕಲಾವಿದನಾಗಿ ದುಡಿಯಬಹುದು, ಅದರಿಂದ ಓದು ಕೆಡಬಾರದು.

ಈ ಎರಡು ಬಾಗಿಲಲ್ಲಿ ಯಾರು ಯಾವುದಕ್ಕೆ ಹೋಗುತ್ತಾರೆ ಅಂತ ಯಾರಾದರೂ ಯೋಚಿಸಿದ್ದಾರಾ? ಈ ದೇಶದಲ್ಲಿ ಮನೆಯ ಕಸುಬು ಅಂದರೆ ಜಾತಿಯ ಕಸುಬು. ಚಮ್ಮಾರನ ಮಗನಿಗೆ ಉಳಿ, ಪೊರಕೆ ಹಿಡಿದವಳ ಮಗಳಿಗೆ ಪೊರಕೆ. ಬಾಬಾಸಾಹೇಬರು ಯಾವ ಕಸುಬುಗಳ ಸಂಕೋಲೆಯಿಂದ ನಮ್ಮನ್ನು ಎಳೆದು ಸ್ಕೂಲಿಗೆ ದೂಡಿದರೋ, ಅದೇ ಸಂಕೋಲೆಗೆ ಕಾನೂನು 'ಕುಟುಂಬಕ್ಕೆ ನೆರವು' ಎಂದು ಹೆಸರಿಟ್ಟಿತು. ಮೊದಲ ಬಾಗಿಲು ನಮ್ಮ ಮಕ್ಕಳಿಗೆ. ಎರಡನೆಯದು ಬಣ್ಣದ ಬಾಗಿಲು, ಉಳ್ಳವರ ಮಕ್ಕಳಿಗೆ.

ಇನ್ನೊಂದು ವಿಚಿತ್ರ ಕೇಳಿ. ಎರಡನೇ ಬಾಗಿಲಿಗೂ ಒಂದು ಸಣ್ಣ ಬರಹ ಅಂಟಿಸಿದ್ದಾರೆ: ಸರ್ಕಸ್ಸು ಮಾತ್ರ ಕೂಡದು. ಸರ್ಕಸ್ಸಿನಲ್ಲಿ ಮಕ್ಕಳು ಪಟ್ಟ ಪಾಡು ಗೊತ್ತಿರುವ ನಾವು ಅದನ್ನು ವಿರೋಧಿಸುವುದಿಲ್ಲ. ಆದರೆ ಸಂತೆಯ ಬಯಲಲ್ಲಿ ಹಗ್ಗದ ಮೇಲೆ ನಡೆಯುವ ದೊಂಬರ ಮಗುವನ್ನು ಕಂಡರೆ 'ಅಯ್ಯೋ, ಬಾಲಕಾರ್ಮಿಕ' ಅನ್ನುವ ಬಾಯಿ, ಅದೇ ಲಾಗವನ್ನು ಬಣ್ಣದ ದೀಪದ ಕೆಳಗೆ ಇನ್ನೊಂದು ಮಗು ಹಾಕಿದರೆ 'ಆಹಾ, ಪ್ರತಿಭೆ' ಅನ್ನುತ್ತದಲ್ಲ, ಅದು ಹೇಗೆ? ಮಗುವಿನ ಬೆನ್ನುಮೂಳೆ ಎರಡೂ ಕಡೆ ಒಂದೇ. ಬೇರೆಯಾದದ್ದು ನೋಡುವವರ ಕುರ್ಚಿ.

ಬೇಲೂರಿನ ಗುಡಿಗೆ ನಮ್ಮ ಹಿರೀಕರು ವರ್ಷಕ್ಕೊಮ್ಮೆ, ಜಾತ್ರೆಯ ಹೊತ್ತಿನಲ್ಲಿ ಮಾತ್ರ ಹೋಗಬಹುದಿತ್ತು ಎಂದು ಹಳೆಯ ಗೆಜೆಟಿಯರುಗಳು ಬರೆದಿವೆ. ಅದನ್ನು ಹೇಳುವಾಗ 'ಎಷ್ಟು ದೊಡ್ಡ ಮನಸ್ಸು ನೋಡಿ' ಅನ್ನುವವರು ಈಗಲೂ ಇದ್ದಾರೆ. ಉಳಿದ ದಿನಗಳ ಮಾತೇ ಇಲ್ಲ. ಟೀವಿಯ ಗುಡಿಯೂ ಹೀಗೇ. ಬಡವರ ಮಗುವಿಗೆ ಒಂದು ವಿಶೇಷ ಸಂಚಿಕೆ. ತೀರ್ಪುಗಾರರು ಎದ್ದು ನಿಂತು ಕಣ್ಣೊರೆಸಿಕೊಳ್ಳುತ್ತಾರೆ. ಮಗುವನ್ನು ಎತ್ತಿಕೊಳ್ಳುತ್ತಾರೆ. ಮುಂದಿನ ವಾರ ಬಾಗಿಲು ಹಾಕುತ್ತದೆ.

"ಹನುಮಂತ ಬಂದಿಲ್ಲವೇ?" ಎಂದು ನಮ್ಮ ಓದಿದ ಗೆಳೆಯರೇ ಕೇಳುತ್ತಾರೆ. ಬಂದಿದ್ದಾನೆ, ನಮ್ಮ ಎದೆಯೂ ಉಬ್ಬಿದೆ. ಹಾವೇರಿ ಜಿಲ್ಲೆಯ ಹನುಮಂತ ಲಮಾಣಿ, ಕುರಿ ಕಾಯುತ್ತಾ ಹಾಡಿಕೊಂಡಿದ್ದವನು, 2018-19ರ ಸರಿಗಮಪದಲ್ಲಿ ಎರಡನೆಯವನಾದ. 2025ರ ಜನವರಿಯಲ್ಲಿ ಬಿಗ್ ಬಾಸ್ ಹನ್ನೊಂದನೇ ಆವೃತ್ತಿಯನ್ನೂ ಗೆದ್ದ. ಆದರೆ ಅವನು ಅಲ್ಲಿಗೆ ಹೋದದ್ದು ಮೀಸೆ ಮೂಡಿದ ಮೇಲೆ, ತನ್ನ ಮಾತನ್ನು ತಾನೇ ಆಡಬಲ್ಲವನಾಗಿ. ಹಾಗಿದ್ದೂ ಅವನ ಹೆಸರಿನ ಹಿಂದೆ 'ಕುರಿಗಾಹಿ' ಎಂಬ ಪಟ್ಟಿ ಅಂಟಿಕೊಂಡೇ ಇತ್ತು. ಬೇರೆಯ ಗಾಯಕರಿಗೆ 'ಬ್ಯಾಂಕ್ ನೌಕರರ ಮಗ' ಎಂದು ಯಾರಾದರೂ ಬಿರುದು ಕೊಡುತ್ತಾರೆಯೇ? ಹನ್ನೊಂದು ವರ್ಷದ ಹುಡುಗಿ ಈ ಪಟ್ಟಿಯನ್ನು ಹೊತ್ತು ಹೇಗೆ ನಿಂತಾಳು?

"ಟೀವಿ ಯಾಕೆ, ನಮ್ಮ ಜನಪದಕ್ಕೇ ಹಿಂತಿರುಗೋಣ" ಅನ್ನುವ ಗೆಳೆಯರೂ ಇದ್ದಾರೆ. ಅವರಿಗೂ ಒಂದು ಮಾತು. ಬಳ್ಳಾರಿ ಸೀಮೆಯ ದರೋಜಿ ಈರಮ್ಮ ಬುರ್ರಕಥೆಯನ್ನು ಎಳೆಯ ವಯಸ್ಸಿನಲ್ಲೇ ಅಪ್ಪನಿಂದ ಕಲಿತವಳು. 2014ರಲ್ಲಿ ತೀರಿಕೊಳ್ಳುವ ತನಕ ಸಾವಿರಾರು ಸಾಲುಗಳ ಕಾವ್ಯಗಳು ಆ ತಾಯಿಯ ನಾಲಗೆ ಮೇಲಿದ್ದವು. ಹುಡುಗಿ ಮುದುಕಿಯಾದಳೆಂದು ಹಾಡು ಅವಳನ್ನು ಬಿಡಲಿಲ್ಲ. ಬಾಲಪ್ರತಿಭೆ ಎಂದು ಎತ್ತಿ ಆಮೇಲೆ ಕೆಳಗೆ ಹಾಕುವ ಟೀವಿಯವರು ಅವಳಿಂದ ಕಲಿಯುವುದಿದೆ. ಆದರೆ ಆ ಹಾಡಿನ ಜೊತೆಗೆ ಅಲೆಮಾರಿತನ ಇತ್ತು, ಅಕ್ಷರ ಇರಲಿಲ್ಲ. ಬುಡ್ಗ ಜಂಗಮರ ಕಸುಬು ಅದು. ಅಂದರೆ ಮೊದಲನೇ ಬಾಗಿಲು. ನಮಗೆ ಈರಮ್ಮನ ಹಾಡು ಬೇಕು, ಅವಳಿಗೆ ಸಿಗದ ಸ್ಲೇಟೂ ಬೇಕು. ಒಂದನ್ನು ಕೊಟ್ಟು ಇನ್ನೊಂದನ್ನು ಕಿತ್ತುಕೊಳ್ಳುವ ಲೆಕ್ಕ ಇನ್ನು ಸಾಕು.

ಹಾಗಾದರೆ ನಮ್ಮ ಮಕ್ಕಳು ಟೀವಿಗೆ ಹೋಗಬಾರದೋ? ಹೋಗಲಿ! ಯಾಕೆ ಹೋಗಬಾರದು? ಆ ಸ್ಟುಡಿಯೋ ಓಡುವುದು ನಾವು ಕೊಳ್ಳುವ ಸೋಪಿನಿಂದ. ಆದರೆ ಕಣ್ಣೀರಿನ ಟಿಕೆಟ್ಟಿನಲ್ಲಿ ಹೋಗುವುದು ಬೇಡ, ಹಕ್ಕಿನ ಮೇಲೆ ಹೋಗಲಿ.

ಹಕ್ಕು ಏನೆಂದು ಮೇಷ್ಟರುಗಳು ದಯವಿಟ್ಟು ಬೋರ್ಡಿನ ಮೇಲೆ ಬರೆಯಿರಿ. 2017ರ ನಿಯಮಗಳ ಪ್ರಕಾರ ಮಗುವನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸಕೂಡದು. ಬಿಡುವಿಲ್ಲದೆ ಮೂರು ಗಂಟೆ ದಾಟಕೂಡದು. ಸತತ 27 ದಿನಕ್ಕಿಂತ ಹೆಚ್ಚು ಕೂಡದು. ಚಿತ್ರೀಕರಣ ನಡೆಯುವ ಜಿಲ್ಲೆಯ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಪಾಠ ತಪ್ಪದಂತೆ ನಿರ್ಮಾಪಕರು ಏರ್ಪಾಟು ಮಾಡಬೇಕು. ಮಗುವಿನ ಸಂಪಾದನೆಯಲ್ಲಿ ಕಡೇಪಕ್ಷ ನೂರಕ್ಕೆ ಇಪ್ಪತ್ತು ಭಾಗವನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಲ್ಲೇ ಠೇವಣಿ ಇಡಬೇಕು. ಬೆಳೆದು ದೊಡ್ಡವಳಾದ ಮೇಲೆ ಅದು ಅವಳ ಕೈಗೆ. ಮಗುವಿಗೆ ಮನಸ್ಸಿಲ್ಲದೆ ಏನನ್ನೂ ಮಾಡಿಸಕೂಡದು.

ನಮ್ಮ ಹುಡುಗಿಯ ವಿಷಯದಲ್ಲಿ ಇದರಲ್ಲಿ ಯಾವುದನ್ನು ಕೇಳಿದೆವು? ಯಾವುದನ್ನೂ ಕೇಳಲಿಲ್ಲ. ಅವಳ ಅಪ್ಪ ಇಂಗ್ಲಿಷ್ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಾಗ ಪಕ್ಕದಲ್ಲಿ ನಿಂತಿದ್ದವರು ನಾವೇ, ಬಿ.ಎ. ಪಾಸಾದವರು! ಆ ಕಾಗದವನ್ನು ಓದಿ ಹೇಳಲಿಲ್ಲ. ಟೀವಿಯಲ್ಲಿ ನಮ್ಮ ಕೇರಿ ಕಾಣುತ್ತದೆಂದು ಹಲ್ಲು ಕಿರಿದೆವು. ಇನ್ನೂರು ವರ್ಷ ಜೀತದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ಜನರ ಮಕ್ಕಳು ನಾವು. ಓದಲು ಕಲಿತದ್ದು ಯಾತಕ್ಕೆ? ವ್ಯವಸ್ಥೆಯನ್ನು ಬೈದು ಪದ್ಯ ಬರೆಯುವ ಮೊದಲು ಈ ತಪ್ಪನ್ನು ನಾವು ಒಪ್ಪಿಕೊಳ್ಳಬೇಕು.

ಆದ್ದರಿಂದ ಗೆಳೆಯರೇ, ಇಷ್ಟು ಕೆಲಸ ಮಾಡೋಣ. ನಮ್ಮ ಊರಿನ ಯಾವ ಮಗು ಆಯ್ಕೆಯಾದರೂ ಕಾಗದವನ್ನು ಸಂಘಟನೆಯವರು ಓದದೆ ಹೆಬ್ಬೆಟ್ಟು ಬೀಳಬಾರದು. ಮನೆಯ ಬಡತನವನ್ನು ಚಿತ್ರ ತೆಗೆಯುವುದಿದ್ದರೆ ಮನೆಯವರ ಒಪ್ಪಿಗೆ ಬೇಕು, ಒಪ್ಪದಿದ್ದರೆ ಆಯ್ಕೆ ತಪ್ಪಕೂಡದು ಎಂದು ಜಗಳ ಆಡೋಣ. ಬ್ಯಾಂಕಿನ ಪಾಸ್‌ಬುಕ್ಕು ಕಣ್ಣಿಗೆ ಕಾಣುವ ತನಕ ಬಿಡಬಾರದು. ಮಗು ಸೋತು ವಾಪಸು ಬಂದ ದಿನ ಬಸ್ ಸ್ಟ್ಯಾಂಡಿಗೆ ತಮಟೆ ಹೊತ್ತು ಹೋಗೋಣ; ಗೆದ್ದ ದಿನ ಯಾರಾದರೂ ಹೋಗುತ್ತಾರೆ. ಏಪ್ರಿಲ್ ಹದಿನಾಲ್ಕರ ವೇದಿಕೆಯಲ್ಲಿ ಭಾಷಣಗಳನ್ನು ಅರ್ಧಕ್ಕೆ ಇಳಿಸಿ ಹಾಡುವವರಿಗೆ ಹೊತ್ತು ಕೊಡೋಣ. ಅಲ್ಲಿ ಹದಿನೈದು ತುಂಬಿದವಳನ್ನೂ, ಐವತ್ತು ತುಂಬಿದವಳನ್ನೂ ಕೂರಿಸೋಣ.

ಹೋದ ಭಾನುವಾರ ಅವಳ ಮನೆ ಮುಂದೆ ಕೂತಿದ್ದೆವು. ಕರೆಂಟು ಹೋಗಿತ್ತು. ಅವಳು ಒಳಗೆ ಒಲೆ ಮುಂದೆ ಕೂತು ಮೆಲ್ಲಗೆ ಹಾಡಿಕೊಳ್ಳುತ್ತಿದ್ದಳು. ಕೊರಳು ದಪ್ಪಗಾಗಿದೆ, ಎಳೆತನ ಹೋಗಿದೆ, ಮೊದಲಿಗಿಂತ ಚೆನ್ನಾಗಿದೆ. "ಇದೇ ಹಾಡ್ನ ಜಯಂತಿ ದಿವ್ಸ ಹಾಡ್ತೀಯೇನವ್ವಾ?" ಅಂದೆವು.

ಹಾಡು ನಿಲ್ಲಿಸಿ ಕೇಳಿದಳು: "ಹಾಡ್ತೀನಿ ಕಣಣ್ಣ. ನಮ್ಮವ್ವನ್ನ ಮಾತ್ರ ಸ್ಟೇಜಿಗೆ ಕರೀಬ್ಯಾಡಿ."