ಅಚ್ಚಿನ ಹಾಡು, ಕೊರಳ ಮಟ್ಟು

ಹಾಡನ್ನು ಅಚ್ಚುಹಾಕುವುದೆಂದರೆ ಏನನ್ನು ಅಚ್ಚುಹಾಕುವುದು? ಸಾಹಿತ್ಯವನ್ನೆ, ಸ್ವರವನ್ನೆ? ಯುರೋಪಿನವರಿಗೆ ಈ ಪ್ರಶ್ನೆ ಐದು ಶತಮಾನಗಳ ಹಿಂದೆಯೇ ಎದುರಾಯಿತು. 1501ರಲ್ಲಿ ವೆನಿಸ್ಸಿನ ಪೆತ್ರೂಚಿ ಎಂಬ ಮುದ್ರಕನು ತೊಂಬತ್ತಾರು ರಚನೆಗಳನ್ನು ಸ್ವರಚಿಹ್ನೆಗಳಲ್ಲಿ ಅಚ್ಚು ಮಾಡಿದನು; ಬಹುಪಾಲು ಫ್ರೆಂಚ್ ಹಾಡುಗಳೇ. ಗೆರೆಗಳಿಗೊಮ್ಮೆ, ಸ್ವರಗಳಿಗೊಮ್ಮೆ ಎಂದು ಒಂದೇ ಹಾಳೆಯನ್ನು ಮತ್ತೆ ಮತ್ತೆ ಒತ್ತಬೇಕಾಗಿದ್ದ ಆ ಕೆಲಸ ದುಬಾರಿಯಾಗಿತ್ತು. 1528ರಲ್ಲಿ ಪ್ಯಾರಿಸ್ಸಿನ ಅತೆನ್ಯಾಂ ಗೆರೆಯ ತುಣುಕನ್ನೂ ಸ್ವರವನ್ನೂ ಒಂದೇ ಮೊಳೆಯಲ್ಲಿ ಎರಕಹೊಯ್ದು, ಒಂದೇ ಒತ್ತಿನಲ್ಲಿ ಹಾಡನ್ನು ಮುದ್ರಿಸತೊಡಗಿದನು. ಝಾನ್ಕೆಂ ಎಂಬಾತ ಹಕ್ಕಿಗಳ ಕಲರವವನ್ನೇ ಗಾನವಾಗಿಸಿದ ಹಾಡು ಹೀಗೆ ಅಚ್ಚಾಗಿ ಇಂದಿಗೂ ಹಾಡಲ್ಪಡುತ್ತಿದೆ.

ಆ ಹಾಡುಗಳು ಬಹುಕಂಠದವು. ನಾಲ್ವರು ನಾಲ್ಕು ಬೇರೆ ಧಾಟಿಗಳನ್ನು ಏಕಕಾಲದಲ್ಲಿ ಹಾಡಿ ಹೊಂದಿಸಬೇಕು. ಒಬ್ಬ ತಪ್ಪಿದರೆ ಎಲ್ಲವೂ ಕುಸಿದೀತು. ಆದುದರಿಂದ ಬರೆಹ ಅವರಿಗೆ ಅನಿವಾರ್ಯವಾಯಿತು. ನಮ್ಮದು ಒಂದೇ ಎಳೆಯ ಗಾನ. ಕಿವಿಯಿಂದ ಕೊರಳಿಗೆ ಇಳಿದು ಬಂತು. ಬರೆಹದ ಹಂಗು ಅದಕ್ಕೆ ಬೇಕಾಗಲಿಲ್ಲ.

ಅದೇ ಹದಿನಾರನೆಯ ಶತಮಾನದಲ್ಲಿ ಮೂಡುಬಿದಿರೆಯ ರತ್ನಾಕರವರ್ಣಿ ಭರತೇಶವೈಭವವನ್ನು ರಚಿಸಿದನು. ಸುಮಾರು ಹತ್ತು ಸಾವಿರ ಸಾಂಗತ್ಯಪದ್ಯಗಳು. ಎಲ್ಲವೂ ಹಾಡುವುದಕ್ಕೆಂದೇ ಹುಟ್ಟಿದವು. ಕನ್ನಡಿಗ, ತೆಲುಗ, ತುಳುವ ಮೂವರೂ ಕೇಳಿ ತಲೆದೂಗಬೇಕೆಂಬುದು ಕವಿಯ ಹಂಬಲ. ತಾಳೆಗರಿ ಪದ್ಯವನ್ನು ಉಳಿಸಿತು. ರತ್ನಾಕರನ ಕಿವಿಯಲ್ಲಿ ಮೊಳಗಿದ ಧಾಟಿ ಯಾವುದೆಂಬುದನ್ನು ಉಳಿಸಲಿಲ್ಲ. ತರಗತಿಯಲ್ಲಿ ನಾನು ಈ ಕಾವ್ಯದ ಗಣ, ಪ್ರಾಸಗಳನ್ನು ವಿವರಿಸಬಲ್ಲೆ. ಕವಿ ಹಾಡಿದಂತೆ ಹಾಡಿ ತೋರಿಸಲಾರೆ.

ಅಚ್ಚುಕೂಟ ಬಂದ ಮೇಲೂ ಸ್ಥಿತಿ ಬದಲಾಗಲಿಲ್ಲ. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಕಲ್ಲಚ್ಚು ಆರಂಭವಾಯಿತು. ಮೋಗ್ಲಿಂಗರು ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚಿಗೆ ತಂದರು. ಬಂಟ್ವಾಳದಲ್ಲಿ 1874ರಲ್ಲಿ ಜನಿಸಿದ ಪಂಜೆ ಮಂಗೇಶರಾಯರ ಶಿಶುಗೀತಗಳು ಪಠ್ಯಪುಸ್ತಕಗಳ ಮೂಲಕ ಮನೆಮನೆಗೆ ಹೋದುವು. ಉಡುಪಿಯ ಪಾವಂಜೆ ಗುರುರಾಯರು ಯಕ್ಷಗಾನ ಪ್ರಸಂಗಗಳನ್ನು ಪ್ರಕಟಿಸಿ ನಾಡಿಗೆ ಉಪಕಾರ ಮಾಡಿದರು. ಪ್ರಸಂಗದಲ್ಲಿ ಪದ್ಯದ ತಲೆಯ ಮೇಲೆ ರಾಗ, ತಾಳಗಳ ಹೆಸರುಂಟು. ಆದರೆ ಹೆಸರು ಹಾಡಲ್ಲ. ಆ ಪದದ ಮಟ್ಟು, ಎತ್ತುಗಡೆ, ಎಲ್ಲಿ ನಿಲ್ಲಬೇಕು ಎಂಬ ವಿವೇಕ, ಇವೆಲ್ಲ ಇರುವುದು ಭಾಗವತರ ಕೊರಳಲ್ಲಿ.

ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಿಂದ ಹೊರಡುವ ಮೇಳವನ್ನು ಕಂಡವರಿಗೆ ಆ ಕೊರಳಿನ ಮಹಿಮೆಯನ್ನು ಹೇಳಬೇಕಾಗಿಲ್ಲ. ಆದರೆ ಈಚೆಗೆ ಕಾಲಮಿತಿಯ ಆಟಗಳು ಬಂದಿವೆ. ಇರುಳಿಡೀ ನಡೆಯುತ್ತಿದ್ದ ಕಥೆ ಕೆಲವೇ ತಾಸುಗಳಲ್ಲಿ ಮುಗಿಯಬೇಕಾದಾಗ ಮೊದಲು ಬಿಟ್ಟುಹೋಗುವುದು ವಿಳಂಬದ ಪದಗಳೇ. ಹಾಡದ ಪದದ ಮಟ್ಟು ಒಂದು ತಲೆಮಾರಿನಲ್ಲಿ ಮರೆತುಹೋಗುತ್ತದೆ. ಮುಂದೆ ಪುಸ್ತಕದಲ್ಲಿ ಅದರ ಸಾಹಿತ್ಯ ಮಾತ್ರ ಮೂಕವಾಗಿ ಕುಳಿತಿರುತ್ತದೆ.

ಧ್ವನಿಮುದ್ರಣಗಳಿವೆಯಲ್ಲ ಎನ್ನಬಹುದು. ಅವು ಬೇಕು, ಅವೇ ಸಾಲವು. ಮುದ್ರಣ ಹಿಡಿಯುವುದು ಒಂದು ರಾತ್ರಿಯ ಹಾಡಿಕೆಯನ್ನು. ಸ್ವರಲೇಖನ ಹಿಡಿಯುವುದು ಆ ಹಾಡಿಕೆಯ ಎಲುಬುಗೂಡನ್ನು. ಕಲಿಯುವವನಿಗೆ ಎರಡೂ ಬೇಕು. ಬರೆದರೆ ಮಟ್ಟು ಮರಗಟ್ಟೀತೆಂಬ ಅಂಜಿಕೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಮರಗಟ್ಟಿದ್ದನ್ನು ಸಮರ್ಥ ಗಾಯಕ ಚಿಗುರಿಸಬಲ್ಲ, ಅಳಿದುಹೋದುದನ್ನು ಯಾರು ಚಿಗುರಿಸಬಲ್ಲರು?

ನಮಗೆ ಲಿಪಿಯ ಕೊರತೆಯಿರಲಿಲ್ಲ. ಕುಡುಮಿಯಾನ್‌ಮಲೆಯ ಬಂಡೆಯ ಮೇಲೆ ಏಳನೆಯ ಶತಮಾನದಲ್ಲೇ ಸ್ವರಾಕ್ಷರಗಳನ್ನು ಕೆತ್ತಿದ್ದಾರೆ. 1904ರಲ್ಲಿ ಸುಬ್ಬರಾಮ ದೀಕ್ಷಿತರು ಎಟ್ಟಯಪುರದ ಸಂಸ್ಥಾನದ ನೆರವಿನಿಂದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯನ್ನು ಗಮಕಚಿಹ್ನೆಗಳ ಸಹಿತ ಅಚ್ಚಿಗೆ ಕೊಟ್ಟರು. ಅಂದು ಒಬ್ಬ ವೃದ್ಧ ವಿದ್ವಾಂಸ ಮಾಡಿದುದನ್ನು ಇಂದು ನಮ್ಮ ಕಾಲೇಜುಗಳೂ ಅಕಾಡೆಮಿಗಳೂ ಕೂಡಿ ಮಾಡಲಾಗದೆ? ಒಂದೊಂದು ಪ್ರಸಂಗಕ್ಕೆ ಒಬ್ಬ ಹಿರಿಯ ಭಾಗವತರು, ಒಬ್ಬ ಸ್ವರಜ್ಞರು, ಒಬ್ಬ ವಿದ್ಯಾರ್ಥಿ ಕುಳಿತರೆ ಸಾಕು. ಯಾರಿಂದ ಕಲಿತ ಮಟ್ಟು ಎಂಬುದನ್ನೂ ಬರೆದಿಡಲಿ. ಹಿರಿಯರು ಹಾಡಬಲ್ಲವರಾಗಿರುವಾಗಲೇ ಈ ಕೆಲಸ ಆಗಬೇಕು.